ಸಂಬಳದ ಬಾಕಿ ಮತ್ತು ಶ್ರೀರಂಗಪಟ್ಟಣದ ಧರಣಿ

1758ರಲ್ಲಿ ಮೈಸೂರು ಸೈನ್ಯದ ಸಿಪಾಯಿಗಳು ಬಾಕಿ ಸಂಬಳಕ್ಕಾಗಿ ಶ್ರೀರಂಗಪಟ್ಟಣದಲ್ಲಿ ಅರಸನ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ ಸರ್ವಾಧಿಕಾರಿ ನಂಜರಾಜನ ಮನೆ ಬಾಗಿಲಲ್ಲಿ ಧರಣಿ ಕೂತರು. ಆ ಕಾಲದ ಧರಣಿ ಕಠೋರವಾದದ್ದು. ಹಣ ಕೈಸೇರುವವರೆಗೆ ಸಾಲಗಾರನ ಮನೆಯೊಳಕ್ಕೆ ಅನ್ನ ನೀರು ಹೋಗಲು ಬಿಡುತ್ತಿರಲಿಲ್ಲ.

ಬೊಕ್ಕಸ ಬರಿದಾಗಲು ಮೂರು ಕಾರಣಗಳಿದ್ದವು. ತಿರುಚಿನಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಆರ್ಕಾಟಿನ ನವಾಬ ಮುಹಮ್ಮದಾಲಿ ಕೊಟ್ಟ ಮಾತನ್ನು ನಂಬಿ ನಂಜರಾಜ 1752ರಿಂದ 1755ರವರೆಗೆ ಅಲ್ಲಿ ದಂಡು ಇಟ್ಟುಕೊಂಡಿದ್ದ. ಊರು ದಕ್ಕಲಿಲ್ಲ, ಖರ್ಚು ಮಾತ್ರ ಉಳಿಯಿತು. 1755ರಲ್ಲಿ ನಿಜಾಮ ಸಲಾಬತ್ ಜಂಗ್ ಫ್ರೆಂಚರೊಡನೆ ಬಂದು 56 ಲಕ್ಷ ರೂಪಾಯಿ ಕೇಳಿದಾಗ ಅರಮನೆಯ ಒಡವೆ, ದೇವಸ್ಥಾನಗಳ ಬೆಳ್ಳಿಬಂಗಾರ ಹೊರಬಂದವು. 1757ರಲ್ಲಿ ದಂಡೆತ್ತಿ ಬಂದ ಮರಾಠರ ಪೇಶ್ವೆ ಬಾಲಾಜಿ ರಾಯನಿಗೆ ಒಪ್ಪಿಕೊಂಡದ್ದು 32 ಲಕ್ಷ. ಅಷ್ಟು ಹಣವಿಲ್ಲದೆ ತಾಲ್ಲೂಕುಗಳನ್ನೇ ಅಡವಿಟ್ಟದ್ದರಿಂದ ಕಂದಾಯದ ಮೂಲವೂ ಕೈತಪ್ಪಿತು.

ಇದರ ಹೊರೆ ಬಿದ್ದದ್ದು ಸಿಪಾಯಿಯ ಮೇಲೆ. ಸ್ವಂತ ಕುದುರೆ ತಂದು ಚಾಕರಿಗೆ ನಿಂತ ಶಿಲೇದಾರನ ಪಾಡು ಇನ್ನೂ ಕಷ್ಟ. ಸಂಬಳ ನಿಂತರೂ ಕುದುರೆಯ ಹುರುಳಿ, ಹುಲ್ಲು ನಿಲ್ಲುವಂತಿಲ್ಲ. ಬಜಾರಿನಲ್ಲಿ ಸಾಲ ಬೆಳೆಯುತ್ತದೆ. ಕುದುರೆ ಸತ್ತರೆ ಚಾಕರಿಯೂ ಹೋಗುತ್ತದೆ.

ಈ ಬಿಕ್ಕಟ್ಟನ್ನು ಬಿಡಿಸಲು ಬಂದವನು ಮೈಸೂರು ಸೈನ್ಯದ ನಾಯಕ ಹೈದರಾಲಿ. ಸಂಬಳದ ಲೆಕ್ಕದ ಒಳಹೊರಗು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ದಿಂಡಿಗಲ್ಲಿನ ಫೌಜುದಾರನಾಗಿದ್ದಾಗ ಗಾಯಾಳುಗಳ ಭತ್ಯೆ ಹಂಚಲು ಸರ್ಕಾರದ ಅಧಿಕಾರಿ ಬಂದಾಗ ನಡೆದದ್ದನ್ನು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ: ನಿಜವಾಗಿ ಗಾಯಗೊಂಡವರು 67 ಮಂದಿ, ಅರಿಸಿನದ ಪಟ್ಟಿ ಕಟ್ಟಿಕೊಂಡು ಸಾಲಾಗಿ ನಿಂತವರು ಸುಮಾರು 700. ತಲೆಗೆ ತಿಂಗಳಿಗೆ 14 ರೂಪಾಯಿಯಂತೆ ಹಣ ಪಡೆದ ಹೈದರ್ ನಿಜವಾದ ಗಾಯಾಳುವಿಗೆ ಕೊಟ್ಟದ್ದು 7. ಹತ್ತು ಸಾವಿರ ಜನರ ಹಾಜರಿಯನ್ನು ಹದಿನೆಂಟು ಸಾವಿರವೆಂದು ಎಣಿಸಿದ್ದೂ ಉಂಟು.

ಆ ಪಳಗಿದ ಕಣ್ಣೇ ಶ್ರೀರಂಗಪಟ್ಟಣದಲ್ಲಿ ಕೆಲಸಕ್ಕೆ ಬಂತು. ಲೆಕ್ಕದಲ್ಲಿ ನಿಪುಣನಾದ ಖಂಡೇರಾಯನನ್ನು ಜೊತೆಗಿಟ್ಟುಕೊಂಡು ಹೈದರ್ ಒಬ್ಬೊಬ್ಬರ ಬಾಕಿಯನ್ನೂ ಪರಿಶೀಲಿಸಿ ಸುಳ್ಳು ಬಾಬ್ತುಗಳನ್ನು ಹೊಡೆದುಹಾಕಿದ. ನಗದು ಸಾಲದಾದಾಗ ಸರ್ಕಾರದ ಆನೆ, ಕುದುರೆಗಳನ್ನೇ ಸಂಬಳದ ಬದಲು ಹಂಚಿದ. 4,000 ಸವಾರರಿಗೆ ಲೆಕ್ಕ ತೀರಿಸಿ ಚಾಕರಿಯಿಂದ ಬಿಡುಗಡೆ ಕೊಟ್ಟ. ಆಮೇಲೆ ದಂಗೆಯ ಮುಂದಾಳುಗಳೆಂದು ಕೆಲವು ಸಿರಿವಂತ ನಾಯಕರನ್ನು ಹಿಡಿದು ಅವರ ಸ್ವತ್ತನ್ನು ಕಸಿದುಕೊಂಡ. ದುಡಿದು ಹಸಿದವರ ನ್ಯಾಯವಾದ ಕೂಗು ಹೀಗೆ ಒಬ್ಬನ ಅಧಿಕಾರಕ್ಕೆ ಮೆಟ್ಟಿಲಾಯಿತು.

ಮರುವರ್ಷ ಬಾಕಿ ಮತ್ತೆ ಬೆಳೆದಾಗ ಸಿಪಾಯಿಗಳು ಹೈದರನ ಬಾಗಿಲಿಗೇ ಬಂದರು. ತನ್ನ ಪಡೆಗೆ ತಾನು ಸಂಬಳ ಕೊಡುತ್ತಿದ್ದೇನೆ, ಉಳಿದವರ ಬಾಕಿ ನಂಜರಾಜನದು ಎಂದು ಅವನು ಉತ್ತರಿಸಿದ. ಹಾಗಾದರೆ ನೀನೂ ಬಂದು ಕೂರು ಎಂದರು. ಹೈದರ್ ಹೋಗಿ ನಂಜರಾಜನ ಬಾಗಿಲಲ್ಲಿ ಅವರ ಜೊತೆ ಧರಣಿ ಕೂತ. ಇದರ ಹಿಂದೆ ರಾಜಮಾತೆಯ ಒಪ್ಪಿಗೆಯೂ ಇತ್ತು. ನಂಜರಾಜ ಅಧಿಕಾರ ಬಿಟ್ಟು ಮೈಸೂರಿಗೆ, ಕೊನೆಗೆ ಕೊಣನೂರಿಗೆ ಹೋದ. ಬಾಕಿ ತೀರಿಸಲೆಂದು ಇನ್ನಷ್ಟು ಪ್ರಾಂತಗಳು ಹೈದರನ ವಶಕ್ಕೆ ಬಂದು, ಅರಸನಿಗೆ ಉಳಿದಿದ್ದ ಸೀಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅವನ ಕೈಸೇರಿತು, ಖಂಡೇರಾಯ ಪ್ರಧಾನನಾದ.