ನಾಯಿಮರಿಯ ಡಿಸ್ಟೆಂಪರ್: ಒಂದು ಲಸಿಕೆಯ ಇತಿಹಾಸ

ಮನೆಯಲ್ಲಿ ನಾಯಿ ಸಾಕಿದವರಿಗೆ ಈ ಲಕ್ಷಣಗಳು ಅಪರಿಚಿತವಲ್ಲ. ನಿನ್ನೆಯವರೆಗೆ ಚೆಂಡಿನಂತೆ ಪುಟಿಯುತ್ತಿದ್ದ ಮರಿ ಇಂದು ಮೂಲೆ ಹಿಡಿದು ಮಲಗುತ್ತದೆ. ಮೈ ಸುಡುತ್ತದೆ, ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ಸಿಂಬಳ, ಜೊತೆಗೆ ಕೆಮ್ಮು, ಮುಂದೆ ವಾಂತಿ, ಭೇದಿ. ಇನ್ನೇನು ಗುಣವಾಯಿತು ಎನ್ನುವಷ್ಟರಲ್ಲಿ ಕಾಲು ಅದುರತೊಡಗುತ್ತದೆ, ಸೆಳವು ಬರುತ್ತದೆ. ಪಶುವೈದ್ಯರು ಮತ್ತೆ ಮತ್ತೆ ಕಾಣುವ ಈ ಜಾಡ್ಯಕ್ಕೆ ಡಿಸ್ಟೆಂಪರ್ ಎಂದು ಹೆಸರು. ಇದರ ವೈರಾಣುವನ್ನು ಕೊಲ್ಲುವ ಖಚಿತವಾದ ಮದ್ದು ಇಂದಿಗೂ ಇಲ್ಲ. ಇರುವುದು ಶುಶ್ರೂಷೆ ಮತ್ತು ಮೊದಲೇ ಹಾಕಿಸುವ ಲಸಿಕೆ. ಆ ಲಸಿಕೆ ಬಂದ ದಾರಿ ತಿಳಿಯತಕ್ಕದ್ದು.

ಹದಿನೆಂಟನೆಯ ಶತಮಾನದಲ್ಲಿ ಈ ರೋಗ ಯೂರೋಪಿನ ನಾಯಿಗಳಲ್ಲಿ ಹಬ್ಬಿತು. ಸಿಡುಬಿಗೆ ಲಸಿಕೆ ಕೊಟ್ಟ ಎಡ್ವರ್ಡ್ ಜೆನ್ನರನೇ 1809ರಲ್ಲಿ ಇದರ ಲಕ್ಷಣಗಳನ್ನು ವಿವರವಾಗಿ ವರ್ಣಿಸಿದ. ಆದರೆ ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. 1905ರಲ್ಲಿ ಫ್ರಾನ್ಸಿನ ಪಶುವೈದ್ಯ ಆನ್ರಿ ಕಾರೆ, ರೋಗಿ ನಾಯಿಯ ಮೂಗಿನ ಸ್ರಾವವನ್ನು ಬ್ಯಾಕ್ಟೀರಿಯಾಗಳು ದಾಟಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿದ. ಸೋಸಿದ ನೀರೂ ರೋಗ ತಂದಿತು. ಅಂದರೆ ಕಾರಣ ವೈರಾಣು. ಹಲವರು ಇದನ್ನು ಒಪ್ಪಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಕಾಣುವ ಒಂದು ಬ್ಯಾಕ್ಟೀರಿಯವನ್ನೇ ಅವರು ಅಪರಾಧಿ ಎಂದರು. ಮನೆಗೆ ಬೇರೆ ಕಳ್ಳ ನುಗ್ಗಿದ ಮೇಲೆ ಹಿಂದೆಯೇ ಒಳಹೊಕ್ಕವನನ್ನು ಹಿಡಿದಂತಾಯಿತು. ಈ ವಾದದಲ್ಲೇ ಸುಮಾರು ಎರಡು ದಶಕಗಳು ಕಳೆದವು.

ತಿಡ್ಡಿದವರು ಯಾರು ಬಲ್ಲಿರಾ? ಒಂದು ರೀತಿಯಲ್ಲಿ, ನಿಮ್ಮಂಥ ಓದುಗರೇ. ಇಂಗ್ಲೆಂಡಿನ ‘ಫೀಲ್ಡ್’ ಎಂಬ ಪತ್ರಿಕೆ 1920ರ ದಶಕದ ಆರಂಭದಲ್ಲಿ ಡಿಸ್ಟೆಂಪರ್ ಸಂಶೋಧನೆಗಾಗಿ ನಿಧಿ ಕೂಡಿಸಿತು. ನಾಯಿ ಸಾಕಿದವರು ಹಣ ಕಳುಹಿದರು. ಲಂಡನ್ನಿನ ಹೊರವಲಯದ ಮಿಲ್ ಹಿಲ್‌ನಲ್ಲಿ ಪ್ಯಾಟ್ರಿಕ್ ಲೇಡ್ಲಾ ಮತ್ತು ಡಂಕಿನ್ ಎಂಬ ಇಬ್ಬರು ಕೆಲಸಕ್ಕೆ ಕುಳಿತರು. ಹೊರಗಿನ ಸೋಂಕು ತಗಲದಂತೆ ನಾಯಿಗಳನ್ನು ಬೇರೆಯಾಗಿಯೇ ಬೆಳೆಸಿದರು. ಅವುಗಳ ಬಳಿ ಹೋಗುವವರು ಮಿಂದು ಬಟ್ಟೆ ಬದಲಿಸಬೇಕಾಗಿತ್ತು. ನಾಯಿಗಳ ಜೊತೆಗೆ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಮೇಲೂ ಪ್ರಯೋಗ ನಡೆಯಿತು. 1926ರಲ್ಲಿ ಕಾರೆಯ ಮಾತು ನಿಜವೆಂದು ಸಿದ್ಧವಾಯಿತು. 1928ರ ಹೊತ್ತಿಗೆ ಲಸಿಕೆಯ ವಿಧಾನವೂ ದೊರೆಯಿತು. ಶತಮಾನದ ನಡುವಿಗೆ, ಕೋಳಿಮೊಟ್ಟೆಯಲ್ಲಿ ಬೆಳೆಸಿ ದುರ್ಬಲಗೊಳಿಸಿದ ವೈರಾಣುವಿನ ಲಸಿಕೆ ಬಂದು ಕೆಲಸ ಹಗುರವಾಯಿತು.

ನಾಯಿಗಾಗಿ ಕೊಟ್ಟ ಹಣದ ಫಲ ಮನುಷ್ಯನಿಗೂ ದಕ್ಕಿತು. 1933ರಲ್ಲಿ ಅದೇ ಸಂಶೋಧನಾ ಸಂಸ್ಥೆಯಲ್ಲಿ ಲೇಡ್ಲಾ, ವಿಲ್ಸನ್ ಸ್ಮಿತ್ ಮತ್ತು ಆಂಡ್ರೂಸ್ ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಮೊದಲಬಾರಿಗೆ ಬೇರ್ಪಡಿಸಿದ್ದು ಈ ಫೆರೆಟ್‌ಗಳ ನೆರವಿನಿಂದಲೇ.

ರೋಗ ಮಾತ್ರ ಲೋಕದಿಂದ ಹೋಗಿಲ್ಲ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸಿಂಹಗಳ ಸುಮಾರು ಮೂರನೆಯ ಒಂದು ಪಾಲು ಇದರಿಂದ ಅಳಿಯಿತು. 2018ರಲ್ಲಿ ನಮ್ಮ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಇದೇ ವೈರಾಣು ತಗಲಿದ್ದುದು ಪರೀಕ್ಷೆಯಲ್ಲಿ ಕಂಡಿತು. ಊರಿನ ನಾಯಿಯ ಆರೋಗ್ಯಕ್ಕೂ ಕಾಡಿನ ಸಿಂಹದ ಬದುಕಿಗೂ ಹೀಗೆ ನಂಟುಂಟು.

ಆದುದರಿಂದ ವಾಚಕರೇ, ಮರಿಗೆ ಆರರಿಂದ ಎಂಟು ವಾರ ತುಂಬುವಾಗಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಒಂದೇ ಚುಚ್ಚುಮದ್ದಿಗೆ ತೃಪ್ತರಾಗಬೇಡಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಕೆಲಕಾಲ ಲಸಿಕೆಗೇ ಅಡ್ಡಿಯಾಗುತ್ತದೆ. ಅದಕ್ಕಾಗಿ ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ, ಮರಳಿ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಇದಕ್ಕಿಂತ ಬೇರೆ, ಅದನ್ನೂ ಮರೆಯಬಾರದು. ಸೆಳವು ಕಂಡರೆ ಡಿಸ್ಟೆಂಪರೋ ಹುಚ್ಚೋ ಎಂದು ನೀವೇ ತೀರ್ಮಾನಿಸಬೇಡಿ. ಬಾಯಿಗೆ ಕೈ ಹಾಕದೆ, ಮಕ್ಕಳನ್ನು ದೂರವಿಟ್ಟು, ವೈದ್ಯರಿಗೆ ತಿಳಿಸಿರಿ. ಹಿಂದಿನವರು ಹಣ ಕೂಡಿಸಿ, ವರ್ಷಗಟ್ಟಲೆ ಶ್ರಮಿಸಿ ಗಳಿಸಿದ್ದು ನಮಗೆ ಇಂದು ಒಂದು ಸೂಜಿಯ ಮೊನೆಯಲ್ಲಿ ಸಿಗುತ್ತದೆ. ಅದನ್ನು ಸಕಾಲದಲ್ಲಿ ಪಡೆಯುವುದಷ್ಟೇ ನಮ್ಮ ಪಾಲಿನ ಕೆಲಸ.