ಖಾನೇಷುಮಾರಿಯಲ್ಲಿ ವರ್ಣವಿಭಾಗ: ಮೂರು ದೇಶಗಳ ಪದ್ಧತಿ

ದೇಶದೇಶಗಳ ಜನಾಂಗಸಂಬಂಧಗಳನ್ನು ಹೋಲಿಸುವವರು ಸಾಮಾನ್ಯವಾಗಿ ಖಾನೇಷುಮಾರಿಯ ಅಂಕೆಗಳಿಂದ ಆರಂಭಿಸುವರು. ಕರಿಯರು ಇಲ್ಲಿ ನೂರಕ್ಕೆ ಇಷ್ಟು, ಅಲ್ಲಿ ಅಷ್ಟು ಎಂದು ಪಟ್ಟಿಮಾಡಿ, ವೈಷಮ್ಯದ ಹೆಚ್ಚು ಕಡಮೆಗೆ ಆ ಪ್ರಮಾಣವನ್ನೇ ಕಾರಣವಾಗಿ ಹೇಳುವುದುಂಟು. ಆದರೆ ಕರಿಯನೆಂದರೆ ಯಾರು ಎಂಬ ಪ್ರಶ್ನೆಗೆ ಎಲ್ಲ ದೇಶಗಳಲ್ಲಿಯೂ ಒಂದೇ ಉತ್ತರವಿಲ್ಲ. ಆ ಉತ್ತರವು ಆಯಾ ದೇಶದ ಶಾಸನದಿಂದಲೂ ಲೋಕರೂಢಿಯಿಂದಲೂ ಹುಟ್ಟಿದುದಾಗಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮೊದಲನೆಯ ಖಾನೇಷುಮಾರಿಯು 1790ನೆಯ ಇಸವಿಯಲ್ಲಿ ನಡೆಯಿತು. ಎಣಿಕೆಗೆ ಬಂದ 39 ಲಕ್ಷಕ್ಕೆ ಮೇಲ್ಪಟ್ಟ ಜನರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಪ್ರತಿನಿಧಿಗಳ ಸಂಖ್ಯೆಯನ್ನು ಗೊತ್ತುಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸತಕ್ಕದ್ದೆಂದು ರಾಜ್ಯಾಂಗವು ವಿಧಿಸಿದ್ದಿತು. ಆದುದರಿಂದ ಈ ವಿಂಗಡಣೆಯು ಎಣಿಕೆಯ ಬುಡದಲ್ಲಿಯೇ ಸೇರಿಕೊಂಡಿತು. 1850ರಲ್ಲಿ ಮಿಶ್ರವರ್ಣದವರಿಗೆ ‘ಮುಲಾಟೊ’ ಎಂಬ ಬೇರೆಯ ಹೆಸರು ಬಂದಿತು. 1890ರಲ್ಲಂತೂ ನೆತ್ತರನ್ನು ನಾಲ್ಕಾಣೆ, ಎರಡಾಣೆಗಳಂತೆ ಭಾಗಿಸಿ, ಒಬ್ಬೊಬ್ಬನ ಪಾಲು ಎಷ್ಟೆಂಬುದನ್ನು ಗುಮಾಸ್ತರು ಬಾಗಿಲಲ್ಲಿ ನಿಂತು ನಿರ್ಧರಿಸಬೇಕಾಯಿತು. ಇದು ಎಂತಹ ಶಾಸ್ತ್ರವೆಂಬುದು ಮುಂದಿನ ಅಂಕೆಗಳಿಂದಲೇ ವಿದಿತವಾಗುತ್ತದೆ. 1910ರಲ್ಲಿ 20 ಲಕ್ಷಕ್ಕೆ ಮೀರಿದ್ದ ಮುಲಾಟೊಗಳು 1920ರಲ್ಲಿ 17 ಲಕ್ಷಕ್ಕಿಂತ ಕಡಮೆಯಾದರು. ಹತ್ತು ವರ್ಷಗಳಲ್ಲಿ ಅಷ್ಟು ಮಂದಿ ಅಳಿದುಹೋಗಲಿಲ್ಲ. ಎಣಿಸುವವರ ಕಣ್ಣು ಬದಲಾಗಿದ್ದಿತು. 1930ರಲ್ಲಿ ಆ ಹೆಸರನ್ನೇ ಕೈಬಿಟ್ಟು, ಕರಿಯರ ರಕ್ತವು ಎಷ್ಟೇ ಅಲ್ಪವಾಗಿದ್ದರೂ ಅಂತಹವನನ್ನು ನೀಗ್ರೊ ಎಂದೇ ಬರೆಯತಕ್ಕದ್ದೆಂದು ಆಜ್ಞೆಯಾಯಿತು. ಇದಕ್ಕೆ ಆರು ವರ್ಷ ಮೊದಲೇ ವರ್ಜಿನಿಯಾ ಸಂಸ್ಥಾನವು ಇದಕ್ಕೆ ಸಮೀಪವಾದ ನಿಯಮವನ್ನು ವಿವಾಹದ ಶಾಸನದಲ್ಲಿ ಸೇರಿಸಿದ್ದಿತು. ಬಿಳಿಯರಿಗೂ ಇತರರಿಗೂ ವಿವಾಹವನ್ನು ನಿಷೇಧಿಸಿದ ಆ ಶಾಸನವು 1967ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಿದ್ದುಹೋಯಿತು.

ಭಾರತೀಯರಿಗೂ ಈ ಪಟ್ಟಿಯಲ್ಲಿ ಒಂದು ವಿಚಿತ್ರವಾದ ಸ್ಥಾನವು ದೊರಕಿದ್ದಿತು. 1920, 1930, 1940ರ ಎಣಿಕೆಗಳಲ್ಲಿ ‘ಹಿಂದು’ ಎಂಬುದು ಒಂದು ಜನಾಂಗದ ಹೆಸರು. ಪಂಜಾಬಿನ ಸಿಖ್ಖನೂ ಮುಸಲ್ಮಾನನೂ ಅದರಲ್ಲಿಯೇ ಅಡಕವಾದರು. ಆ ದೇಶದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂದ್ ಎಂಬ ಸಿಖ್ಖನು ಬಿಳಿಯನಲ್ಲವೆಂದು 1923ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿ, ಅವನಿಗೆ ಪೌರತ್ವದ ಹಕ್ಕಿಲ್ಲವೆಂದಿತು. ಕಾಗದದ ಮೇಲಿನ ಒಂದು ಪದಕ್ಕೆ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಬ್ರೆಜಿಲ್ ದೇಶದ ಮಾರ್ಗವೇ ಬೇರೆ. ಆಫ್ರಿಕದಿಂದ ಅಲ್ಲಿಗೆ ಸಾಗಿಸಲ್ಪಟ್ಟ ಗುಲಾಮರು ಉತ್ತರ ಅಮೆರಿಕಕ್ಕೆ ಹೋದವರ ಹತ್ತರಷ್ಟಕ್ಕೂ ಹೆಚ್ಚು. 1872ರ ಮೊದಲನೆಯ ಎಣಿಕೆಯಲ್ಲಿ ಬಿಳಿಯರೂ ‘ಪಾರ್ದೊ’ ಎಂಬ ಕಂದುಬಣ್ಣದವರೂ ನೂರಕ್ಕೆ ಸುಮಾರು 38ರಂತೆ ಸಮನಾಗಿದ್ದರು. 1888ರಲ್ಲಿ ದಾಸ್ಯವು ತೊಲಗಿದ ಮೇಲೆ ವರ್ಣಾಂತರ ವಿವಾಹವನ್ನು ತಡೆಯುವ ಶಾಸನವಾಗಲಿ ನೆತ್ತರಿನ ನಿಯಮವಾಗಲಿ ಅಲ್ಲಿ ಹುಟ್ಟಲಿಲ್ಲ. 1900 ಮತ್ತು 1920ರ ಎಣಿಕೆಗಳಲ್ಲಿ ಬಣ್ಣದ ಪ್ರಶ್ನೆಯನ್ನೇ ಕೇಳಲಿಲ್ಲ. 1976ರಲ್ಲಿ ಜನರು ತಮ್ಮ ಬಣ್ಣವನ್ನು ತಾವೇ ಹೆಸರಿಸಲೆಂದು ಬಿಟ್ಟಾಗ ನೂರಕ್ಕೂ ಮಿಕ್ಕಿ ಹೆಸರುಗಳು ಬಂದವು. ಇದನ್ನು ನೋಡಿ ಆ ದೇಶವನ್ನು ವರ್ಣಸಾಮರಸ್ಯದ ತೌರೆಂದು ಹೊಗಳಿದವರು ಅನೇಕರು. ಆದರೆ ಅನಕ್ಷರಸ್ಥರಿಗೆ 1985ರ ವರೆಗೂ ಅಲ್ಲಿ ಮತಾಧಿಕಾರವಿರಲಿಲ್ಲವೆಂಬುದನ್ನು ಅವರು ಗಮನಿಸಿದಂತೆ ಕಾಣುವುದಿಲ್ಲ. ಶಾಸನದಲ್ಲಿ ಬಣ್ಣದ ಮಾತಿಲ್ಲದಿದ್ದರೂ, ಓದು ದೊರಕದೆ ಹೋದ ಗುಲಾಮರ ಸಂತತಿಯು ಬಹುಮಟ್ಟಿಗೆ ಹೊರಗೇ ಉಳಿಯಿತು.

ದಕ್ಷಿಣ ಆಫ್ರಿಕದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅಲ್ಲಿ 1950ರ ಶಾಸನವು ಪ್ರತಿಯೊಬ್ಬನನ್ನೂ ರೂಪದಿಂದಲೂ ನೆರೆಹೊರೆಯ ಅಭಿಪ್ರಾಯದಿಂದಲೂ ಒಂದೊಂದು ವರ್ಗದಲ್ಲಿ ನಮೂದಿಸಿತು. ವಾಸದ ಕೇರಿ, ವಿವಾಹ, ಮಕ್ಕಳ ಪಾಠಶಾಲೆ ಎಲ್ಲವೂ ಆ ನಮೂದನ್ನೇ ಅವಲಂಬಿಸಿದವು. ಒಂದೇ ಕುಟುಂಬದವರು ಬೇರೆ ಬೇರೆ ವರ್ಗಗಳಿಗೆ ಸೇರಿಹೋದುದುಂಟು. 1991ರಲ್ಲಿ ಆ ಶಾಸನವು ರದ್ದಾಯಿತು. ಎಣಿಕೆಯ ವರ್ಗಗಳು ಮಾತ್ರ ಉಳಿದವು, ಈಗ ಜನರು ತಮ್ಮ ವರ್ಗವನ್ನು ತಾವೇ ಹೇಳುತ್ತಾರೆ.

ಅಮೆರಿಕದಲ್ಲಿಯೂ 2000ನೆಯ ಇಸವಿಯಿಂದ ಒಬ್ಬನು ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸಿಕೊಳ್ಳಲು ಅವಕಾಶವಾಗಿದೆ. ಅಂತಹವರು 2010ರಲ್ಲಿ ಸುಮಾರು 90 ಲಕ್ಷ. 2020ರಲ್ಲಿ 3 ಕೋಟಿ 38 ಲಕ್ಷ. ಪ್ರಶ್ನೆಯ ವಿನ್ಯಾಸವನ್ನೂ ಉತ್ತರಗಳನ್ನು ವಿಂಗಡಿಸುವ ಕ್ರಮವನ್ನೂ ಬದಲಾಯಿಸಿದುದು ಈ ವೃದ್ಧಿಗೆ ಬಹುಮಟ್ಟಿಗೆ ಕಾರಣವೆಂದು ಖಾನೇಷುಮಾರಿಯ ಇಲಾಖೆಯೇ ತಿಳಿಸಿದೆ.