ತೂಕದ ಏರಿಳಿತ: ಕ್ಯಾನ್ಸರ್ ಆರೈಕೆಯ ಒಂದು ಚರಿತ್ರೆ

ಇಪ್ಪತ್ತನೆಯ ಶತಮಾನದ ಬಹುಭಾಗದವರೆಗೆ ಕ್ಯಾನ್ಸರ್ ರೋಗಿಯ ತೂಕ ಇಳಿದರೆ ರೋಗ ಬಲಿಯುತ್ತಿದೆಯೆಂದೂ ಏರಿದರೆ ಗುಣವಾಗುತ್ತಿದೆಯೆಂದೂ ತಿಳಿಯುವುದು ಆಸ್ಪತ್ರೆಗಳಲ್ಲಿ ರೂಢಿಯಾಗಿತ್ತು. ಈ ತಿಳಿವಳಿಕೆ ನಿರಾಧಾರವಾಗಿರಲಿಲ್ಲ. ಅಮೆರಿಕದ ರೋಗಶಾಸ್ತ್ರಜ್ಞ ಶೀಲ್ಡ್ಸ್ ವಾರೆನ್ 1932ರಲ್ಲಿ 500 ಶವಪರೀಕ್ಷೆಗಳನ್ನು ಆಧರಿಸಿ ಬರೆದ ಲೇಖನದಲ್ಲಿ, ಸುಮಾರು ಐದರಲ್ಲೊಂದು ಸಾವಿಗೆ ಕ್ಯಾಕೆಕ್ಸಿಯಾ, ಅಂದರೆ ಉಣಿಸಿದರೂ ಸ್ನಾಯುಗಳು ಕರಗುತ್ತ ದೇಹ ಸೊರಗಿಹೋಗುವ ಸ್ಥಿತಿಯೇ ನೇರ ಕಾರಣವೆಂದು ಗುರುತಿಸಿದ್ದರು. ಕೀಮೋಥೆರಪಿಗೆ ಮೊದಲೇ ತೂಕ ಕಳೆದುಕೊಂಡವರು ಹೆಚ್ಚು ಕಾಲ ಬದುಕುವುದಿಲ್ಲವೆಂಬುದನ್ನು 3,047 ರೋಗಿಗಳ ಕುರಿತು 1980ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿತು.

ಈ ರೂಢಿಯನ್ನು ಕದಡಿದ್ದು ಸ್ತನ ಕ್ಯಾನ್ಸರ್ ಚಿಕಿತ್ಸೆಯ ಗೆಲುವೇ. ಶಸ್ತ್ರಚಿಕಿತ್ಸೆಯ ನಂತರ ಉಳಿದಿರಬಹುದಾದ ರೋಗಕೋಶಗಳನ್ನು ನಾಶಮಾಡಲು ಕೊಡುವ ಪೂರಕ ಕೀಮೋಥೆರಪಿಯಿಂದ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂದು ಮಿಲಾನಿನ ಜಾನ್ನಿ ಬೊನಡೊನ್ನಾ 1976ರಲ್ಲಿ 386 ಮಹಿಳೆಯರ ಅಧ್ಯಯನದಿಂದ ತೋರಿಸಿದರು. ಎರಡೇ ವರ್ಷಗಳಲ್ಲಿ ಅಮೆರಿಕದ ಕ್ಯಾನ್ಸರ್ ದಾದಿಯರ ಪತ್ರಿಕೆಯೊಂದರಲ್ಲಿ, ಚಿಕಿತ್ಸೆ ಪಡೆಯುತ್ತಿದ್ದ ಸ್ತನ ಕ್ಯಾನ್ಸರ್ ರೋಗಿಗಳ ತೂಕ ಏರುತ್ತಿದೆಯೆಂಬ ಅನಿರೀಕ್ಷಿತ ವರದಿ ಬಂತು; ತೂಕ ನೋಡಿ ಬರೆದಿಡುವವರು ದಾದಿಯರೇ ಆದ್ದರಿಂದ ಅದು ಅವರ ಗಮನಕ್ಕೆ ಬಂದದ್ದರಲ್ಲಿ ಅಚ್ಚರಿಯೇನಿಲ್ಲ. ಔಷಧಗಳಿಂದ ಅಂಡಾಶಯಗಳು ಕೆಲಸ ನಿಲ್ಲಿಸಿ ಅಕಾಲದಲ್ಲಿ ಋತುಬಂಧವಾಗುವುದು, ದಣಿವಿನಿಂದ ಓಡಾಟ ತಗ್ಗುವುದು ತೂಕದ ಏರಿಕೆಗೆ ಕಾರಣಗಳೆಂದೂ, ಹೆಚ್ಚಿದ್ದು ಬಹುಪಾಲು ಕೊಬ್ಬೇ ಹೊರತು ಸ್ನಾಯುವಲ್ಲವೆಂದೂ ಮುಂದೆ ತಿಳಿದುಬಂತು. ವಿಚಿತ್ರವೆಂದರೆ, ಸ್ತನ ಕ್ಯಾನ್ಸರಿಗೆ ಕೊಡುತ್ತಿದ್ದ ಮೆಜೆಸ್ಟ್ರಾಲ್ ಎಂಬ ಹಾರ್ಮೋನು ಔಷಧ ಹಸಿವನ್ನು ಹೆಚ್ಚಿಸುವುದನ್ನು ಕಂಡ ವೈದ್ಯರು ಅದನ್ನೇ ಸೊರಗಿದ ರೋಗಿಗಳಿಗೂ ಕೊಡತೊಡಗಿದರು. ಅಲ್ಲಿಯೂ ಕೂಡಿದ್ದು ಮುಖ್ಯವಾಗಿ ಕೊಬ್ಬೇ.

ಗುಣಮುಖರಾದವರ ಮುಂದಿನ ಬದುಕಿನ ಹೊಣೆಯೂ ವೈದ್ಯಕೀಯದ್ದೆಂದು, ಸ್ವತಃ ಕ್ಯಾನ್ಸರಿನಿಂದ ಚೇತರಿಸಿಕೊಂಡ ವೈದ್ಯ ಫಿಟ್ಜ್‌ಹ್ಯೂ ಮಲ್ಲನ್ 1985ರಲ್ಲಿ ವಾದಿಸಿದರು. ಆ ಹೊಣೆ ಆಹಾರಕ್ಕೂ ವಿಸ್ತರಿಸಿದ್ದು ತಡವಾಗಿ. 1994ರಲ್ಲಿ ಆರಂಭವಾಗಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 2,437 ಮಹಿಳೆಯರನ್ನು ಒಳಗೊಂಡ ಒಂದು ಪ್ರಯೋಗದಲ್ಲಿ, ತರಬೇತಿ ಪಡೆದ ಆಹಾರತಜ್ಞರು ಎರಡು ವಾರಗಳಿಗೊಮ್ಮೆಯಂತೆ ಎಂಟು ಬಾರಿ ಒಂದು ಗುಂಪಿನ ಒಬ್ಬೊಬ್ಬರೊಡನೆಯೂ ಕುಳಿತು, ದಿನಕ್ಕೆ ಇಷ್ಟೇ ಗ್ರಾಂ ಕೊಬ್ಬೆಂದು ಮಿತಿ ಗೊತ್ತುಪಡಿಸಿದರು. ತಿಂದದ್ದರಲ್ಲಿ ಎಷ್ಟು ಕೊಬ್ಬಿತ್ತೆಂದು ಆ ಮಹಿಳೆಯರೇ ಲೆಕ್ಕವಿಡುತ್ತಿದ್ದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನಲ್ಲಿ ರೋಗ ಮರುಕಳಿಸಿದ್ದು ಶೇ. 9.8ರಷ್ಟು ಮಂದಿಗೆ, ಉಳಿದವರಲ್ಲಿ ಶೇ. 12.4ರಷ್ಟು ಮಂದಿಗೆ. ಮರುವರ್ಷವೇ ಹೊರಬಂದ, 3,088 ಮಹಿಳೆಯರಿಗೆ ಸಂಬಂಧಿಸಿದ ಇನ್ನೊಂದು ಪ್ರಯೋಗದಲ್ಲಿ ತರಕಾರಿ, ಹಣ್ಣು, ನಾರಿನಂಶ ಧಾರಾಳವಾಗಿದ್ದರೂ ಅಂಥ ಲಾಭ ಕಾಣಲಿಲ್ಲ. ಮೊದಲ ಪ್ರಯೋಗದವರ ತೂಕ ತುಸು ಇಳಿದಿತ್ತು, ಎರಡನೆಯದರಲ್ಲಿ ಇಳಿದಿರಲಿಲ್ಲ. ಕೆಲಸ ಮಾಡಿದ್ದು ಕೊಬ್ಬಿನ ಮಿತಿಯೋ ತೂಕದ ಇಳಿಕೆಯೋ ಎಂಬ ಪ್ರಶ್ನೆ ಹೀಗೆ ಉಳಿದುಕೊಂಡು, ತೂಕವನ್ನೇ ಗುರಿಯಾಗಿಟ್ಟು ಮಹಿಳೆಯರಿಗೆ ದೂರವಾಣಿಯಲ್ಲಿ ಎರಡು ವರ್ಷ ಮಾರ್ಗದರ್ಶನ ನೀಡುವ ದೊಡ್ಡ ಪ್ರಯೋಗವೊಂದು 2016ರಲ್ಲಿ ಅಮೆರಿಕದಲ್ಲಿ ಶುರುವಾಯಿತು.